ಅಪ್ಪನ ಕುರ್ಚಿಯವರೆಗೆ ಬೇಸ್

ಮುಂಬಯಿಯ ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ನನ್ನ ಅಪ್ಪ ಇಪ್ಪತ್ತಾರು ವರ್ಷ ಮಗ್ಗ ನಡೆಸಿದ. ಒಂದೇ ಸೂರಿನಡಿ ನೂರಾರು ಮಗ್ಗಗಳು ಬಡಿದುಕೊಳ್ಳುವ ಆ ಸದ್ದು ಅವನ ಕಿವಿಯನ್ನು ಮೇಲಿನಿಂದ ತಿನ್ನುತ್ತ ಬಂತು. ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಗಸರ ಮತ್ತು ಮಕ್ಕಳ ಮಾತು. ಉಳಿದದ್ದು ತಳದ ದನಿಗಳು ಮಾತ್ರ. ಲಾರಿಯ ಗುಡುಗುಡು, ಮೇಲಿನ ಮನೆಯವರ ಹೆಜ್ಜೆ, ದೂರದಲ್ಲಿ ಗೂಡ್ಸ್ ಗಾಡಿ ಹೋದದ್ದು.

ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅದೇ ಪರೇಲಿನ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಸದ್ದು ಹೊಗದ ಗಾಜಿನ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರ ಕಳಿಸಿ, ಕೇಳಿದಾಗ ಗುಂಡಿ ಒತ್ತಿ ಎನ್ನುತ್ತೇನೆ. ಅಪ್ಪನ ಪರೀಕ್ಷೆಯನ್ನೂ ನಾನೇ ಮಾಡಿದ್ದೆ. ಕಾಗದದ ಮೇಲೆ ಅವನ ಗೆರೆ ತಳಸ್ವರಗಳ ಕಡೆ ನೆಟ್ಟಗೆ ಹೊರಟು, ಮುಂದೆ ಬಾವಿಗೆ ಬಿದ್ದ ಹಾಗೆ ಇಳಿದುಹೋಗಿತ್ತು. ಕಿವಿಯ ಮಷೀನು ಹಾಕಿಸಿದೆ. ಎರಡು ದಿನ ಇಟ್ಟುಕೊಂಡು ತೆಗೆದುಹಾಕಿದ.

"ಇದನ್ನ ಹಾಕ್ಕೊಂಡ್ರ ಎಲ್ಲಾರೂ ತಗಡಿನ ಮ್ಯಾಲೆ ಉಗುರಲೆ ಗೀರಿದಂಗ ಮಾತಾಡ್ತಾರ. ನಂಗ ಬ್ಯಾಡವಾ" ಎಂದ.

ನಾವಿಬ್ಬರೇ ಭಾಂಡುಪಿನ ಎರಡನೆಯ ಮಹಡಿಯ ಖೋಲಿಯಲ್ಲಿದ್ದೆವು. ನಾನು ಮದುವೆಯಾಗಲಿಲ್ಲ. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪನಿಗೆ ಎಂಬತ್ತು ದಾಟಿತ್ತು. ಹಗಲೆಲ್ಲ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ. ಹಿಂದಿನ ರಸ್ತೆಯಲ್ಲಿ ಮೆಟ್ರೋ ಕಂಬಕ್ಕೆ ನೆಲ ಕೊರೆಯಲು ಶುರುವಾದರೆ, ನನಗೆ ಅದಿನ್ನೂ ಕೇಳುವ ಮೊದಲೇ, "ಖಾತೆ ಚಾಲೂ ಆತು" ಎನ್ನುತ್ತಿದ್ದ. ಮಿಲ್ಲಿನಲ್ಲಿ ವಿಭಾಗಕ್ಕೆ ಖಾತೆ ಎನ್ನುತ್ತಿದ್ದರು. ಕೆಲವು ಸಲ ಏನೂ ಇಲ್ಲದಾಗಲೂ, "ಯಾರೋ ಬಂದ್ರು, ಬಾಗಲಾ ತಗಿ" ಎನ್ನುತ್ತಿದ್ದ. ತೆಗೆದರೆ ಯಾರೂ ಇರುತ್ತಿರಲಿಲ್ಲ. ಮುಚ್ಚಿ ಬಂದರೆ, ಸುಳ್ಳು ಹೇಳಿದ್ದು ನಾನೇ ಎಂಬಂತೆ ನನ್ನನ್ನು ನೋಡುತ್ತಿದ್ದ.

ಎರಡು ವರ್ಷದ ಹಿಂದೆ ನಮ್ಮ ಆಸ್ಪತ್ರೆಯ ಡಾಕ್ಟರೊಬ್ಬರು ಊರು ಬಿಟ್ಟು ಹೋಗುವಾಗ ತಮ್ಮ ಹಳೆಯ ಸ್ಟೀರಿಯೋ ಸೆಟ್ಟನ್ನು ನನಗೆ ಕೊಟ್ಟರು. ಒಂದು ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಎರಡು ಸ್ಪೀಕರ್. ಪರೇಲಿನ ಚಾಳಿನಲ್ಲಿದ್ದಾಗ ಅಪ್ಪ ಭಜನಾ ಮಂಡಳಿಯಲ್ಲಿ ಡಗ್ಗಾ ನುಡಿಸುತ್ತಿದ್ದ. ತಬಲಾ ಜೋಡಿಯಲ್ಲಿ ಎಡಗೈಯದು, ದಪ್ಪ ದನಿಯದು, ಡಗ್ಗಾ. ಆ ಭಜನೆಗಳ ಏಳೆಂಟು ಕ್ಯಾಸೆಟ್ಟುಗಳು ಅವ್ವನ ಟ್ರಂಕಿನಲ್ಲಿದ್ದವು. ಹಾಡು ಕೇಳದಿದ್ದರೂ ಡಗ್ಗಾ ಆದರೂ ಕೇಳಿಸಲಿ ಎಂದು ಸ್ಪೀಕರುಗಳನ್ನು ಕಪಾಟಿನ ನೆತ್ತಿಯ ಮೇಲಿಟ್ಟು, ವೈರು ಸಿಕ್ಕಿಸಿ, ಕ್ಯಾಸೆಟ್ ಹಾಕಿದೆ. ನನಗೆ ತಾಳ, ಹಾರ್ಮೋನಿಯಂ, ಗಂಡಸರ ಕೊರಳು ಎಲ್ಲ ಕೇಳಿತು. ಅಪ್ಪ ತುಸು ಹೊತ್ತು ಕೂತು ಕೈ ಅಲ್ಲಾಡಿಸಿದ.

"ಡಗ್ಗಾ ಎಲ್ಲಿ ಹೋತು?"

ನಿಜವಾಗಿಯೂ ಡಗ್ಗಾ ಇರಲಿಲ್ಲ. ಯಾರೋ ರಟ್ಟಿನ ಪೆಟ್ಟಿಗೆ ತಟ್ಟುತ್ತಿರುವ ಹಾಗಿತ್ತು. ತಳದ ದನಿ ಏರಿಸುವ ಬೇಸ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಸದ್ದು ಬಾತುಕೊಂಡಿತೇ ಹೊರತು ಡಗ್ಗಾ ಬರಲಿಲ್ಲ.

ಆಗ ನೆನಪಾದವರು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಒಬ್ಬರು, ಉಡುಪಿ ಕಡೆಯವರು. ಮೊದಲು ಮದುವೆ ಮನೆಗಳಿಗೆ ಸೌಂಡ್ ಹಾಕುತ್ತಿದ್ದರು. ಕಿವಿಯಲ್ಲಿ ಗುಂಯ್‌ಗುಡುತ್ತದೆಂದು ನನ್ನ ಹತ್ತಿರ ಪರೀಕ್ಷೆಗೆ ಬಂದಾಗ ಪರಿಚಯವಾಗಿತ್ತು. ಫೋನು ಮಾಡಿದೆ. ಒಂದು ಭಾನುವಾರ ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿಕೊಂಡು ಬಂದರು.

ಬಂದವರು ಮೊದಲು ಎರಡೂ ಸ್ಪೀಕರುಗಳ ಹಿಂದೆ ಟಾರ್ಚು ಬಿಟ್ಟು ನೋಡಿದರು. ನಕ್ಕರು.

"ಅಕ್ಕಾ, ಒಂದರದ್ದು ಕೆಂಪು ವೈರು ಕಪ್ಪಿಗೆ ಹೋಗಿದೆ. ಒಂದು ಗಾಳಿಯನ್ನು ಹೊರಗೆ ದೂಡುವಾಗ ಇನ್ನೊಂದು ಒಳಗೆ ಎಳಿತದೆ. ಎರಡೂ ಸೇರಿ ಬೇಸನ್ನು ತಿಂದು ಹಾಕ್ತವೆ. ಮತ್ತೆ ಎಲ್ಲಿಂದ ಬರ್ಬೇಕು ಡಗ್ಗಾ?"

ವೈರು ತಿರುಗಿಸಿ ಹಾಕಿದರು. ಕಪಾಟಿನ ಮೇಲಿಂದ ಸ್ಪೀಕರುಗಳನ್ನು ಇಳಿಸಿ, ಅಡುಗೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪಾ ಕಲ್ಲಿನ ತುಂಡುಗಳ ಮೇಲೆ, ಗೋಡೆಗೆ ಒಂದು ಗೇಣು ಬಿಟ್ಟು ಇಟ್ಟರು. ಡಗ್ಗಾ ಬಂತು. ಆದರೆ ಅಡುಗೆ ಬಾಗಿಲ ಹತ್ತಿರ ನಿಂತ ನನಗೆ ಬಂತು. ಕೋಣೆಯ ನಡುವೆ ಕೂತ ಅಪ್ಪ ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದ.

"ಇವರು ಕೂತ ಜಾಗದಲ್ಲಿ ಬೇಸ್ ಸಾಯ್ತದೆ. ಗೋಡೆಯಿಂದ ಗೋಡೆಗೆ ಹೊಡೆದು ಬರುವ ಅಲೆ ನಟ್ಟನಡುವೆ ಒಂದನ್ನೊಂದು ಕೊಲ್ತದೆ. ಕುರ್ಚಿ ನಾಲ್ಕು ಅಡಿ ಹಿಂದೆ ಹಾಕಿದ್ರೆ ಆಯ್ತು" ಎಂದರು.

ನಾನು ಅಪ್ಪನ ಕಿವಿಯ ಹತ್ತಿರ ಬಾಗಿ, ದನಿ ತಗ್ಗಿಸಿ, ನಿಧಾನವಾಗಿ ಹೇಳಿದೆ. ಅವನಿಗೆ ಕೂಗಿ ಹೇಳಿದರೆ ಕೇಳುವುದಿಲ್ಲ, ತಗ್ಗಿಸಿದರೇ ಕೇಳುತ್ತದೆ.

"ಇಲ್ಲ, ಹಿಂದ ಹ್ವಾದ್ರ ಕಪಾಟ ಅಡ್ಡ ಬರತೈತಿ, ಬಾಗಲಾ ಕಾಣೂದಿಲ್ಲ" ಎಂದ ಅಪ್ಪ. ಕುರ್ಚಿಯ ಕೈಗಳನ್ನು ಎರಡೂ ಕಡೆ ಹಿಡಿದುಕೊಂಡ.

ಕುರ್ಚಿ ಕದಲುವುದಿಲ್ಲವೆಂದ ಮೇಲೆ ಬೇಸನ್ನೇ ಕುರ್ಚಿಗೆ ತರಬೇಕಾಯಿತು. ಮುಂದಿನ ಭಾನುವಾರ ಅವರು ಒಂದು ಹಳೆಯ ಸಬ್‌ವೂಫರ್ ತಂದರು. ತಳದ ದನಿಯನ್ನಷ್ಟೇ ನುಡಿಸುವ, ಸಣ್ಣ ಗೋದಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮೂಲೆಯಲ್ಲಿಟ್ಟರೆ ಇಡೀ ಮನೆ ಒಂದೇ ಸ್ವರದಲ್ಲಿ ಗುಮ್ಮೆನ್ನತೊಡಗಿತು, ಡಗ್ಗಾದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ.

"ಈಗೊಂದು ಉಪಾಯ. ನಗ್ಬಾರ್ದು" ಎಂದರು. ಅಪ್ಪನನ್ನು ಎಬ್ಬಿಸಿ ಮಂಚದ ಮೇಲೆ ಕೂರಿಸಿ, ಅವನ ಕುರ್ಚಿಯ ಮೇಲೆ ಸಬ್‌ವೂಫರನ್ನು ಕೂರಿಸಿದರು. "ಈಗ ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಹೋಗಿ. ಎಲ್ಲಿ ಪ್ರತಿಯೊಂದು ಪೆಟ್ಟೂ ಬೇರೆ ಬೇರೆ ಕೇಳ್ತದೋ ಅಲ್ಲಿ ಪೆಟ್ಟಿಗೆ ಇಡುವ. ಅಲ್ಲಿಂದ ಹೊರಟದ್ದು ಕುರ್ಚಿಗೆ ಸರಿಯಾಗಿ ಮುಟ್ತದೆ."

ಐವತ್ತು ದಾಟಿದ ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಮಂಡಿಯ ಮೇಲೆ ಮನೆಯೆಲ್ಲ ತೆವಳಿದೆ. ಮಂಚದ ಕೆಳಗೆ, ಹೊಲಿಗೆ ಮಷೀನಿನ ಪಕ್ಕ, ಬಾಗಿಲ ಹತ್ತಿರ. ಅಪ್ಪ ಬೊಚ್ಚುಬಾಯಿ ತೆರೆದು ನಗುತ್ತಿದ್ದ. "ಸಣ್ಣಾಕಿ ಇದ್ದಾಗ ಇಕಿ ತೆವಳಲೇ ಇಲ್ಲ ನೋಡ್ರಿ, ಸೀದಾ ಎದ್ದು ನಡದ್ಲು. ಆ ಬಾಕಿ ಈಗ ತೀರಸಾಕತ್ಯಾಳ" ಎಂದು ರಿಪೇರಿಯವರಿಗೆ ಹೇಳಿದ. ಅವ್ವ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಜಾಗ ಸಿಕ್ಕಿದ್ದು ಹೊರ ಬಾಗಿಲಿನ ಎಡಕ್ಕೆ, ಚಪ್ಪಲಿ ಬಿಡುವಲ್ಲಿ. ಚಪ್ಪಲಿ ಸ್ಟ್ಯಾಂಡು ಎತ್ತಿ ಅಲ್ಲಿ ಪೆಟ್ಟಿಗೆ ಇಟ್ಟೆವು. ಎದುರಿನ ಮೂಲೆಗಳಲ್ಲಿ ಸುತ್ತಿದ ಗಾದಿಗಳನ್ನು ನಿಲ್ಲಿಸಿ, ಅಪ್ಪನ ಬೆನ್ನ ಹಿಂದಿನ ಗೋಡೆಗೆ ಅವ್ವ ಹಳೆಯ ಸೀರೆಗಳಿಂದ ಹೊಲಿದಿದ್ದ ಎರಡು ದಪ್ಪ ಕೌದಿ ಇಳಿಬಿಟ್ಟೆವು. ಗುಮ್ಮೆನ್ನುವುದು ನಿಂತಿತು. ಕೆಳಗಿನ ಮನೆಯ ಮರಾಠಿ ಅಜ್ಜಿ ಮೇಲೆ ಬಂದು ತಮ್ಮ ಫ್ಯಾನು ಅದುರುತ್ತಿದೆ ಎಂದರು. ಪೆಟ್ಟಿಗೆಯ ಅಡಿಗೆ ಹಳೆಯ ಸ್ಕೂಟರ್ ಟ್ಯೂಬು ಹಾಕಿದೆವು, ಭಾನುವಾರ ನಾಲ್ಕರಿಂದ ಐದು ಮಾತ್ರ ಎಂದು ಮಾತು ಕೊಟ್ಟೆ. ಆ ದಿನ ಅಪ್ಪ ಕುರ್ಚಿಯಲ್ಲಿ ಕೂತ, ನಾನು ಕ್ಯಾಸೆಟ್ ಹಾಕಿದೆ. ನಾಲ್ಕೈದು ಪೆಟ್ಟು ಆಗುವಷ್ಟರಲ್ಲಿ ಅವನ ಎಡಗೈ ತೊಡೆಯ ಮೇಲೆ ತಾನಾಗಿಯೇ ನುಡಿಸತೊಡಗಿತು.

ಒಂದೆರಡು ತಿಂಗಳು ಭಜನೆಯ ಕ್ಯಾಸೆಟ್ಟುಗಳಲ್ಲೇ ಕಳೆಯಿತು. ಆಮೇಲೆ ನಾನು ಅದೇ ಟ್ರಂಕಿನಲ್ಲಿದ್ದ ಇನ್ನೊಂದು ಕ್ಯಾಸೆಟ್ ತೆಗೆದೆ. ಅದರ ಕತೆ ಇಲ್ಲಿ ಹೇಳಬೇಕು.

ನನಗೊಬ್ಬ ಅಣ್ಣನಿದ್ದ, ನನಗಿಂತ ಆರು ವರ್ಷ ದೊಡ್ಡವ. ಹತ್ತು ವರ್ಷದವನಿದ್ದಾಗ ಚಾಳಿನ ಮೆಟ್ಟಿಲಿಂದ ಬಿದ್ದು ಎಡಗಾಲು ಮುರಿದು, ಕೂಡುವಾಗ ಸೊಟ್ಟಗೆ ಕೂಡಿಕೊಂಡಿತ್ತು. ಆ ಕಾಲನ್ನು ಎಳೆದು, ತುಸು ತಡೆದು, ಜೋರಾಗಿ ಊರುತ್ತಿದ್ದ. ನನಗೆ ಹದಿನಾಲ್ಕಾದಾಗ ಮಿಲ್ಲುಗಳಲ್ಲಿ ಮುಷ್ಕರ ನಡೆದಿತ್ತು. ತಿಂಗಳ ಮೇಲೆ ತಿಂಗಳು ಗೇಟು ಮುಚ್ಚಿತ್ತು. ಅಪ್ಪ ಯೂನಿಯನ್ನಿನ ಗಟ್ಟಿ ಮನುಷ್ಯ, ಸಭೆಗಳಲ್ಲಿ ಮುಂದೆ ನಿಲ್ಲುವವ. ಮನೆಯಲ್ಲಿ ಜೋಳ ತೀರಿ ಅವ್ವ ಒಂದು ಹೊತ್ತು ಗಂಜಿ ಮಾಡುತ್ತಿದ್ದಳು. ಮಾಲಕರು ಪೊಲೀಸ್ ಕಾವಲಿನಲ್ಲಿ ಕೆಲವು ಖಾತೆಗಳನ್ನು ತೆರೆದಾಗ ಅಣ್ಣ ಯಾರಿಗೂ ಹೇಳದೆ ಹಿಂದಿನ ಗೇಟಿನಿಂದ ಒಳಗೆ ಹೋಗಿ ಪ್ಯಾಕಿಂಗ್ ಕೆಲಸ ಮಾಡಿ ಬಂದ. ನಾಲ್ಕು ದಿನ ಹಾಗೆ ಹೋದ. ಐದನೆಯ ದಿನ ಅಪ್ಪನಿಗೆ ಗೊತ್ತಾಯಿತು. ಇಡೀ ಚಾಳು ನೋಡುವಂತೆ, ಸಾಲು ಖೋಲಿಗಳ ಮುಂದಿನ ಹಲಗೆಯ ಗ್ಯಾಲರಿಯಲ್ಲಿ ನಿಲ್ಲಿಸಿ ಕೆನ್ನೆಗೆ ಹೊಡೆದ. ಅಣ್ಣ ಹೊಡೆಸಿಕೊಂಡು, ಚಪ್ಪಲಿ ಹಾಕಿಕೊಂಡು, ಮೆಟ್ಟಿಲಿಳಿದು ಹೋದ. ಅಷ್ಟೇ. ಮತ್ತೆ ಅವನನ್ನು ನಾವು ಕಾಣಲಿಲ್ಲ. ಭಿವಂಡಿಯ ಪವರ್‌ಲೂಮಿನಲ್ಲಿ ಕಂಡೆವು ಅಂತ ಒಬ್ಬರು, ಸೂರತ್ತಿನಲ್ಲಿ ಅಂತ ಇನ್ನೊಬ್ಬರು ಹೇಳಿದರು. ಅವ್ವ ಎರಡೂ ಕಡೆ ಹೋಗಿ ಬಂದಳು. ಅಪ್ಪ ಹೋಗಲಿಲ್ಲ.

ಅವನು ಹೋದ ಎಂಟು ದಿನಕ್ಕೆ ಅವ್ವ ತನ್ನ ತಾಯಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಬೇಕೆಂದಳು. ಊರಿನ ಅಜ್ಜಿಗೆ ಓದು ಬರುತ್ತಿರಲಿಲ್ಲ. ದುಬೈಯಿಂದ ಬಂದಿದ್ದ ನೆರೆಯವರು ಟೇಪ್ ರೆಕಾರ್ಡರ್ ಕೊಟ್ಟಿದ್ದರು. ಬಾಗಿಲನ್ನು ಅಗುಳಿ ಹಾಕದೆ ಮುಂದೆ ಮಾಡಿ, ಹಲಗೆಯ ನೆಲದ ಮೇಲೆ ಅದನ್ನಿಟ್ಟು ಸುತ್ತ ಕೂತೆವು. ಆ ಕ್ಯಾಸೆಟ್ ಊರಿಗೆ ಹೋಗಲೇ ಇಲ್ಲ, ಅವ್ವನ ಟ್ರಂಕಿನ ತಳ ಸೇರಿತು. ಅವ್ವ ಸತ್ತ ಮೇಲೆ ಅವಳ ದನಿಗಾಗಿ ನಾನು ಒಂದು ಸಣ್ಣ ಟೇಪಿನಲ್ಲಿ ಎರಡು ಮೂರು ಸಲ ಹಾಕಿ ಕೇಳಿದ್ದೆ. ಅಪ್ಪನಿಗೆ ಕೇಳಿಸಿರಲಿಲ್ಲ. ಈಗ ಇಷ್ಟೆಲ್ಲ ಮಾಡಿದ ಮೇಲೆ ಅವ್ವನ ದನಿಯ ತಳವಾದರೂ ಅವನಿಗೆ ಮುಟ್ಟೀತೇನೋ ಎಂಬ ಆಸೆಯಾಯಿತು.

ಭಾನುವಾರ ನಾಲ್ಕು ಗಂಟೆ. ಹಾಕಿದೆ. ಅವ್ವ ಊರಿನವರ ಹೆಸರು ಹೇಳಿ ಹೇಳಿ ಕ್ಷೇಮ ಕೇಳುತ್ತಾಳೆ. ಹದಿನಾಲ್ಕರ ನಾನು ಶಾಲೆಯ ಒಂದು ಹಾಡು ಹಾಡುತ್ತೇನೆ. ಅಪ್ಪನ ಮುಖದಲ್ಲಿ ಏನೂ ಇಲ್ಲ. ಆಮೇಲೆ ಅವ್ವ ಅಜ್ಜಿಗೆ ಸುಳ್ಳು ಹೇಳುವ ಭಾಗ ಬಂತು: "ನಿನ್ನ ಮೊಮ್ಮಗ ಡ್ಯೂಟಿಗೆ ಹೋಗ್ಯಾನ ಯವ್ವಾ, ಅದಕ್ಕ ಮಾತಾಡಾಕ ಇಲ್ಲ. ಆರಾಮ ಅದಾನ."

ಆಗ ಕುರ್ಚಿಯಲ್ಲಿ ಅಪ್ಪ ಮುಂದಕ್ಕೆ ಬಾಗಿದ.

"ಯಾರೋ ಬಂದ್ರು" ಎಂದ.

ಎಂದಿನ ಮಾತು ಎಂದುಕೊಂಡು ನಾನು ಬಾಗಿಲ ಕಡೆ ನೋಡಿದೆ. ಅಷ್ಟರಲ್ಲಿ ನನಗೂ ಕೇಳಿಸಿತು. ಹೊರಗಿನಿಂದಲ್ಲ, ಚಪ್ಪಲಿ ಬಿಡುವ ಜಾಗದ ಆ ಪೆಟ್ಟಿಗೆಯೊಳಗಿಂದ. ಅವ್ವನ ಮಾತಿನ ಅಡಿಯಲ್ಲಿ, ಬಲು ಕೆಳಗೆ, ಹಲಗೆಯ ಮೇಲೆ ಹೆಜ್ಜೆ. ಒಂದು ಹಗುರ, ಒಂದು ತಡೆದು ಬಿದ್ದದ್ದು. ಧಪ್, ಧಬಕ್. ಧಪ್, ಧಬಕ್. ದೂರದಿಂದ ಬಂದು, ಹತ್ತಿರವಾಗಿ, ನಿಂತಿತು.

ಟೇಪಿನಲ್ಲಿ ಆಗಿನ ಅಪ್ಪನ ದನಿ ಸಿಡಿಯಿತು: "ಸುಳ್ಳ ಯಾಕ ಹೇಳ್ತಿ? ಅಂವ ನಮ್ಮ ಪಾಲಿಗೆ ಸತ್ತಾನ ಅಂತ ಹೇಳು. ಸತ್ತಾನ!"

ಅವ್ವ ಸುಮ್ಮನಾದಳು. ಮತ್ತೆ ಹೆಜ್ಜೆಗಳು, ಈ ಸಲ ಬೇಗಬೇಗ, ದೂರವಾಗುತ್ತ. ಆಮೇಲೆ ಒಂದು ಸಣ್ಣ ದನಿ, ಆಮೇಲೆ ಖಟ್ ಎಂದು ಟೇಪು ನಿಂತ ಸದ್ದು.

ಅಪ್ಪ ಎದ್ದು ನಿಂತಿದ್ದ. "ಮತ್ತೊಮ್ಮೆ ಹಾಕು" ಎಂದ. ಹಾಕಿದೆ. ಮತ್ತೂ ಒಮ್ಮೆ ಹಾಕಿದೆ. ಐದು ಹೊಡೆಯಿತು, ಕೆಳಗಿನ ಅಜ್ಜಿಯ ನೆನಪಾಗಿ ನಿಲ್ಲಿಸಹೋದೆ. ಅವನು ನನ್ನ ಕೈ ಹಿಡಿದ.

"ಅಂವ ಬಂದಿದ್ದ. ಹೊಳ್ಳಿ ಬಂದಿದ್ದ. ಬಾಗಲ ತನಾ ಬಂದಿದ್ದ ಬೇ."

ಮುಂದಿನ ವಾರ ನಾನು ರಿಪೇರಿಯವರನ್ನು ಕರೆಸಿ ಅದನ್ನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಹೆಡ್‌ಫೋನಿನಲ್ಲಿಯೂ ಕೇಳಿದರು. "ಕಾಲಿನ ಶಬ್ದವೇ. ಟೇಪು ನೆಲದ ಮೇಲೆ ಇತ್ತಲ್ಲ, ಹಲಗೆಯ ಅದುರು ಸೀದಾ ಒಳಗೆ ಹೋಗಿದೆ. ಸಣ್ಣ ಟೇಪಿನಲ್ಲಿ ಇದು ಜನ್ಮದಲ್ಲಿ ಕೇಳ್ಲಿಕ್ಕಿಲ್ಲ. ಆದ್ರೆ ಯಾರದ್ದು ಅಂತ ನಾನು ಹೇಗೆ ಹೇಳ್ಲಿ ಅಕ್ಕಾ? ಚಾಳಲ್ಲಿ ನೂರು ಜನ ನಡೀತಾರೆ" ಎಂದರು. ಚಹಾ ಕುಡಿಯದೆ ಹೊರಟರು. ಮೆಟ್ಟಿಲಿನವರೆಗೆ ಹೋದವರು ತಿರುಗಿ ಬಂದು, "ಅಜ್ಜನಿಗೆ ಪದೇ ಪದೇ ಹಾಕಬೇಡಿ" ಎಂದು ಹೇಳಿ ಹೋದರು.

ಆದರೆ ಅಪ್ಪ ಬಿಡಲಿಲ್ಲ. ಭಜನೆ ಬೇಡವಾಯಿತು. ಪ್ರತಿ ಭಾನುವಾರ ಅದನ್ನೇ ಹಾಕಿಸುತ್ತಿದ್ದ. ಅವ್ವನ ಮಾತು, ನನ್ನ ಹಾಡು ಅವನಿಗೆ ಇರಲೇ ಇಲ್ಲ. ಹೆಜ್ಜೆ ಬಂದು ನಿಲ್ಲುವವರೆಗೆ ಉಸಿರು ಹಿಡಿದು ಕೂರುತ್ತಿದ್ದ. ನಿಂತೊಡನೆ, ಟೇಪಿನ ತನ್ನ ಕೂಗು ಬರುವ ಮೊದಲು, ಬಾಗಿಲ ಕಡೆ ನೋಡಿ, "ಒಳಗ ಬಾರೋ" ಎನ್ನುತ್ತಿದ್ದ. ಆ ಮೇಲೆ ಅವನ ಆಗಿನ ದನಿ ಕೂಗುತ್ತಿತ್ತು, ಹೆಜ್ಜೆ ಹೊರಟುಹೋಗುತ್ತಿತ್ತು. ಕೆಲವು ಸಲ ಬೇಗ ಹೇಳಿದರೆ ತಡೆಯಬಹುದೇನೋ ಎಂಬಂತೆ ಮೂರು ಮೂರು ಸಲ ಅವಸರದಲ್ಲಿ ಕರೆಯುತ್ತಿದ್ದ. ನನಗೆ ಆ ಮನೆಯಲ್ಲಿ ಇರುವುದೇ ಭಯವಾಗತೊಡಗಿತು. ಕೆಲಸದಿಂದ ಬಂದು ಬೀಗ ತೆಗೆಯುವಾಗ, ಹಿಂದೆ ಯಾರೋ ಒಂದು ಕಾಲು ತಡೆದು ನಿಂತಿದ್ದಾರೆ ಎನಿಸುತ್ತಿತ್ತು. ಸಬ್‌ವೂಫರಿನ ವೈರನ್ನು ಕಿತ್ತುಬಿಡೋಣವೆಂದು ಎರಡು ಸಲ ಕೈ ಹಾಕಿದೆ. ಕೀಳಲಿಲ್ಲ.

ನನ್ನ ಭಯಕ್ಕೆ ಬೇರೆ ಕಾರಣವಿತ್ತು. ಟೇಪಿನ ಕೊನೆಯ ಆ ಸಣ್ಣ ದನಿ ನನ್ನದು. ಅಪ್ಪನಿಗೆ ಅದು ಕೇಳುವುದಿಲ್ಲ. ಹುಡುಗಿಯ ದನಿ, ಅವನ ಗೆರೆ ಬಿದ್ದ ಬಾವಿಯ ಆಚೆಯದು. ನನಗೆ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ: "ಯಪ್ಪಾ, ಬಾಗಲ್ದಾಗ..." ಅಷ್ಟಕ್ಕೆ ಖಟ್. ಸಣ್ಣ ಟೇಪಿನಲ್ಲಿ ಕೇಳಿದಾಗ, ಬಾಗಿಲು ಹಾಕಲೇ ಎಂದು ಕೇಳಹೊರಟಿದ್ದೆನೆಂದು ನಾನು ತಿಳಿದಿದ್ದೆ. ಹೆಜ್ಜೆ ಕೇಳಿದ ಮೇಲೆ ಹಾಗೆ ತಿಳಿಯಲು ಆಗಲಿಲ್ಲ. ನಾನು ಬಾಗಿಲ ಹತ್ತಿರವೇ ಕೂತಿದ್ದೆ. ಬಾಗಿಲಿನ ಅಡಿಯ ಸಂದಿನಲ್ಲಿ ಗ್ಯಾಲರಿಯ ದೀಪದ ಬೆಳಕು ಬೀಳುತ್ತಿತ್ತು. ಆ ಬೆಳಕನ್ನು ಎರಡು ಪಾದಗಳು ಅಡ್ಡಗಟ್ಟಿದ್ದವು. ಒಂದು ಪಾದ ಸೊಟ್ಟಗಿತ್ತು. ಇದು ನನಗೆ ಈಗ ಕಾಣುತ್ತದೆ. ಆಗ ನಿಜವಾಗಿ ಕಂಡದ್ದೋ, ಹೆಜ್ಜೆ ಕೇಳಿದ ಮೇಲೆ ಮನಸ್ಸು ಕಟ್ಟಿಕೊಂಡದ್ದೋ, ಎಷ್ಟು ಯೋಚಿಸಿದರೂ ತಿಳಿಯದು. ಆದರೆ ಏನನ್ನೋ ಕಂಡು ಬಾಯಿ ತೆರೆದಿದ್ದೆ ಎಂಬುದಕ್ಕೆ ಟೇಪೇ ಸಾಕ್ಷಿ. ಆಮೇಲೆ ಹೇಳಲಿಲ್ಲ. ಅಪ್ಪನ ಸಿಟ್ಟಿಗೆ ಹೆದರಿದೆನೋ, ಮರುದಿನಕ್ಕೆ ಹೇಳಿದರೆ ನಿನ್ನೆಯೇ ಯಾಕೆ ಹೇಳಲಿಲ್ಲ ಎಂದಾರೆಂದು ಹೆದರಿದೆನೋ. ಅವ್ವ ಸಾಯುವವರೆಗೂ ಗ್ಯಾಲರಿಯಲ್ಲಿ ಯಾರು ನಡೆದರೂ ಎದ್ದು ಇಣುಕುತ್ತಿದ್ದಳು. ಅವಳಿಗೂ ಹೇಳಲಿಲ್ಲ. ಎಂದೋ ಮರೆತುಬಿಟ್ಟೆ, ಅಥವಾ ಮರೆತಿದ್ದೇನೆಂದು ನಂಬಿದೆ.

ದೀಪಾವಳಿ ಮುಗಿದ ಒಂದು ಭಾನುವಾರ ಟೇಪು ಹಾಕುವ ಮೊದಲು ಅಪ್ಪನ ಎದುರಿಗೆ ನೆಲದ ಮೇಲೆ ಕೂತೆ. ದನಿ ತಗ್ಗಿಸಿ ಹೇಳಿದೆ.

"ಯಪ್ಪಾ, ಕಡೀಕ ನನ್ನ ದನಿ ಐತಿ. ನಿನಗ ಕೇಳೂದಿಲ್ಲ. 'ಯಪ್ಪಾ, ಬಾಗಲ್ದಾಗ' ಅಂತೀನಿ. ನಾ ಅವನ ಕಾಲ ನೋಡಿದ್ದೆ ಅನಸ್ತೈತಿ. ಆಮ್ಯಾಲ ಯಾರಿಗೂ ಹೇಳಲಿಲ್ಲ."

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಮತ್ತೊಮ್ಮೆ ಹೇಳು ಎನ್ನಬಹುದೆಂದು ಹೆದರಿದೆ. ಅವನಿಗೆ ಕೇಳಿತ್ತು.

"ಖಟ್ ಅಂತಲ್ಲ, ಅದನ್ನ ಬಂದ್ ಮಾಡಿದಾಂವ ನಾನು" ಎಂದ. "ನೀ ಹೇಳಾಕ ಬಂದಿದ್ದಿ. ನಾ ಬಂದ್ ಮಾಡಿದೆ. ಅವತ್ತ ಹೇಳಿದ್ದರೂ ನಾ ಎದ್ದು ಹೋಗ್ತಿರಲಿಲ್ಲ. ಹೋಗ್ತಿರಲಿಲ್ಲ ತಗೋ." ಬಾಗಿಲ ಕಡೆ ತಿರುಗಿ, "ನಿಮ್ಮವ್ವ ಹೋಗ್ತಿದ್ಲು" ಎಂದ.

ಆ ದಿನ ಟೇಪು ಹಾಕು ಎನ್ನಲಿಲ್ಲ. ಮುಂದೆ ಎಂದೂ ಎನ್ನಲಿಲ್ಲ.

ಎರಡು ವಾರದ ಮೇಲೆ, "ಅದರಾಗ ನಾವು ಮಾತು ತುಂಬಾಕ ಬರತೈತೇನು?" ಎಂದು ಡೆಕ್ ತೋರಿಸಿ ಕೇಳಿದ. ರಿಪೇರಿಯವರಿಗೆ ಹೇಳಿದ್ದಕ್ಕೆ ಒಂದು ಮೈಕು, ಒಂದು ಖಾಲಿ ಕ್ಯಾಸೆಟ್ ತಂದುಕೊಟ್ಟರು. ನಾನು ಗುಂಡಿಗಳನ್ನು ತೋರಿಸಿದೆ. ಅಪ್ಪ ನನಗೆ, ಹೊರಗೆ ಹೋಗಿ ತರಕಾರಿ ತಾ ಎಂದ. ಮಾರ್ಕೆಟ್ಟಿಗೆ ಹೋಗಿ, ಬೇಕೆಂದೇ ತಡಮಾಡಿ, ಹೀರೆಕಾಯಿ ಮೆಂತ್ಯ ತಂದೆ. ಬರುವಷ್ಟರಲ್ಲಿ ಮುಗಿದಿತ್ತು. "ನಾ ಇರೂತನಾ ಕೇಳಬ್ಯಾಡ" ಎಂದ.

ಹೋದ ಚಳಿಗಾಲದಲ್ಲಿ ಅಪ್ಪ ಹೋದ. ನಾಲ್ಕು ದಿನದ ಜ್ವರ, ನಮ್ಮ ಆಸ್ಪತ್ರೆಯಲ್ಲೇ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನ ಕುರ್ಚಿಯಲ್ಲೇ ಕೂತು ಆ ಕ್ಯಾಸೆಟ್ ಹಾಕಿದೆ. ಕ್ಷಮಿಸು ಎನ್ನುತ್ತಾನೆ, ಅಳುತ್ತಾನೆ, ಏನೋ ಆಗುತ್ತದೆ ಎಂದು ಮೈ ಗಟ್ಟಿ ಮಾಡಿಕೊಂಡಿದ್ದೆ. ಅಂಥದ್ದೇನೂ ಇರಲಿಲ್ಲ. ಆಗಿನ ಕಾಲದಲ್ಲಿ ಊರಿಗೆ ಮಾತು ತುಂಬಿ ಕಳಿಸುತ್ತಿದ್ದ ಹಾಗೆ, ಅದೇ ಧಾಟಿಯಲ್ಲಿ, ಮಗನಿಗೆ ಸುದ್ದಿ ಹೇಳಿದ್ದ. ನಿಮ್ಮವ್ವ ತೀರಿಕೊಂಡಳು, ಬಹಳ ತ್ರಾಸಾಗಲಿಲ್ಲ. ಚಾಳು ಕೆಡವಿದರು, ಅಲ್ಲಿ ಈಗ ದೊಡ್ಡ ಟವರು. ಮಿಲ್ಲಿನ ಚಿಮಣಿ ಒಂದೇ ಉಳಿದಿತ್ತು, ಅದೂ ಹೋಯಿತು. ನಿನ್ನ ತಂಗಿ ಕಿವಿ ನೋಡುವ ದೊಡ್ಡ ಕೆಲಸದಲ್ಲಿದ್ದಾಳೆ. ನಾವೀಗ ಭಾಂಡುಪಿನಲ್ಲಿ ಇರುತ್ತೇವೆ. ಸ್ಟೇಶನ್ನಿನ ಹೊರಗೆ ಶೇರ್ ರಿಕ್ಷಾ ಸಿಗುತ್ತವೆ, ಇಂಥಲ್ಲಿ ಇಳಿ ಎಂದು ಹೇಳಿದರೆ ಇಳಿಸುತ್ತಾರೆ. ಬಿಲ್ಡಿಂಗಿಗೆ ಲಿಫ್ಟು ಇದೆ, ಮೆಟ್ಟಿಲು ಹತ್ತುವ ಕೆಲಸವಿಲ್ಲ. ಮಾತು ಮುಗಿದ ಮೇಲೆ ನಿಲ್ಲಿಸುವ ಗುಂಡಿ ಅವನಿಗೆ ಸಿಕ್ಕಿಲ್ಲ. ಕ್ಯಾಸೆಟ್ ತೀರುವವರೆಗೆ ಅವನ ಉಸಿರಾಟ ಮತ್ತು ಕುರ್ಚಿಯ ಸದ್ದು ಇದೆ. ನಾನು ಅದನ್ನೂ ಪೂರ್ತಿ ಕೇಳಿದೆ.

ಈ ಮಾತನ್ನು ತಲುಪಿಸುವುದು ಎಲ್ಲಿಗೆ? ಮುಂಬಯಿಯ ಒಂದು ಕನ್ನಡ ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಕೊಟ್ಟೆ. ಮುಷ್ಕರದ ವರ್ಷ ಪರೇಲಿನಿಂದ ಹೋದವನು, ಈಗಿನ ವಯಸ್ಸು ಇಷ್ಟಿರಬಹುದು, ಎಡಗಾಲು ತುಸು ಸೊಟ್ಟ, ತಂದೆ ತೀರಿಕೊಂಡಿದ್ದಾರೆ, ತಂಗಿ ಕಾಯುತ್ತಿದ್ದಾಳೆ ಎಂದು ಬರೆದೆ. ಮೂರು ಫೋನು ಬಂದವು. ಒಬ್ಬ ತಮಾಷೆಗೆ ಮಾಡಿದ್ದ. ಇನ್ನೊಬ್ಬರು ಸೂರತ್ತಿನಲ್ಲಿ ಕುಂಟುವ ಒಬ್ಬ ಮುದುಕನನ್ನು ನೋಡಿದ್ದರು. ವಿಚಾರಿಸಿದರೆ ಅವನು ತೆಲುಗಿನವ.

ಮೂರನೆಯದು ಮುಂಬಯಿ ಹತ್ತಿರದ ಕಲ್ಯಾಣದಿಂದ, ವಯಸ್ಸಾದ ಹೆಂಗಸಿನ ದನಿ, ನಮ್ಮ ಕಡೆಯದೇ ಮಾತು. "ನನಗ ನಿಮ್ಮಣ್ಣನ ಸುದ್ದಿ ಗೊತ್ತಿಲ್ಲವಾ" ಎಂದು ಮೊದಲೇ ಹೇಳಿಬಿಟ್ಟರು. "ಪೇಪರಿನ್ಯಾಗ ಓದಿಸಿ ಕೇಳ್ದೆ. ನನ್ನ ಮಗಾನೂ ಹಿಂಗ ಹ್ವಾದಾಂವ. ಇಪ್ಪತ್ತು ವರ್ಷ ಆತು. ಸುಮ್ನ ಮಾತಾಡಬೇಕು ಅನಿಸ್ತು. ನಿನಗ ಕೆಲಸ ಇದ್ರ ಫೋನ್ ಇಡವಾ."

ಕೆಲಸವಿಲ್ಲ ಎಂದೆ. ಅವರು ಆಮೇಲೆ ಎರಡು ವಾರಕ್ಕೊಮ್ಮೆ ಫೋನು ಮಾಡತೊಡಗಿದರು. ಒಂದು ಸಲ, "ನಿಮ್ಮಣ್ಣ ಹೋಗಾಗ ಏನ್ ಹಾಕ್ಕೊಂಡಿದ್ದ?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಅಂಗಿಯ ಬಣ್ಣವೂ ಇಲ್ಲ. ಅವರಿಗೆ ತಮ್ಮ ಮಗನದು ಪೂರ್ತಿ ನೆನಪಿತ್ತು. ಚೌಕಳಿಯ ಅಂಗಿ, ಮೇಲಿನ ಗುಂಡಿ ಇರಲಿಲ್ಲ, ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ತೋಳಿನ ಹತ್ತಿರ ಕಾಣುತ್ತಿತ್ತು. ಅವರು ಹೇಳುತ್ತ ಹೋದರು, ನಾನು ಕೇಳುತ್ತ ಕೂತೆ.